ಸೈಕಲ್ ಹಿಡಿಯಾಕ ಒಬ್ಬ ಮನುಷ್ಯಾ

ಎಂಬತ್ತರ ದಶಕದ ಸುರುವಿಗೆ ಬೆಳಗಾವ್ಯಾಗ ನಸಕಿನ್ಯಾಗ ಓಡೋ ಮನುಷ್ಯಾ ಅಂದ್ರ ಒಂದೋ ಕಳ್ಳ, ಇಲ್ಲಾ ಡಾಕ್ಟರ್‌ನ ಕರೆಯಾಕ ಹೊಂಟಾಂವ. ಹಾಲಿನ ಗೌಳಿ ನನ್ನ ನೋಡಿ ಸೈಕಲ್ ನಿಲ್ಲಿಸಿ, "ಯಾರಿಗೆ ಅರಾಮಿಲ್ರೀ?" ಅಂತಿದ್ದ. "ಮನ್ಯಾಗ ಎಲ್ಲಾರೂ ಅರಾಮ ಅದಾರೋ ಮಾರಾಯಾ" ಅಂತಿದ್ದೆ. ಎಲ್ಲಾರೂ ಅಂದ್ರ ನಾ ಒಬ್ಬಾಂವನ.

ಬಾಡಿಗಿಗೆ ಖೋಲಿ ಕೊಟ್ಟಿದ್ದ ಮಾವಶಿ ಕಟ್ಟಿಮ್ಯಾಲ ಕುಂತು ಚಾಷ್ಟಿ ಮಾಡಾಕಿ: "ಹೆಂಡ್ತಿಲ್ಲ, ಮಕ್ಕಳಿಲ್ಲ. ಯಾರು ಬೆನ್ನ ಹತ್ಯಾರಂತ ಹಿಂಗ ಓಡ್ತೀಯೋ?" ನಾನೂ ನಗತಿದ್ದೆ. ಒಳಗ ಹೋಗಿ ಬಾಗಲಾ ಹಾಕ್ಕೊಂಡ ಮ್ಯಾಲ ಮಾತ್ರ ಒಬ್ಬಾಂವಗ ಬೇಕಾದಷ್ಟ ಚಹಾ ಕಾಸತಿದ್ದೆ.

ಊರಿನ ಒಂದು ಮಂಡಳಿಯವರು ರೇಸ್ ಇಟ್ಟಿದ್ರು. ಟ್ರಯಾಥ್ಲಾನ್ ಅನ್ನೋ ಹೆಸರು ನಮ್ಮ ನಾಲಿಗಿಗೆ ಹೊರಳತಿರಲಿಲ್ಲ, ಮೂರಾಟದ ರೇಸ್ ಅಂತಿದ್ವಿ. ಖಾನಾಪುರದಾಗ ಮಲಪ್ರಭಾದ ಆಚಿ ದಂಡಿ ಮುಟ್ಟಿ ಈಜಿ ಬರೂದು, ಬೆಳಗಾವಿ ತನಕ ಸೈಕಲ್ ಹೊಡಿಯೂದು, ಆಮ್ಯಾಲ ಊರಾಗ ಓಡೂದು. ಆಫೀಸಿನ್ಯಾಗ ಕುಂತು ಕುಂತು ಬ್ಯಾಸರಾಗಿದ್ದ ನನಗ ಹುಚ್ಚು ಹಿಡೀತು ನೋಡ್ರಿ. ದಿನಾ ಮುಂಜಾನೆ ಓಟ, ರವಿವಾರ ಖಾನಾಪುರಕ್ಕ ಸೈಕಲ್. ಹೊಳ್ಯಾಗ ಈಜಿ, ದಂಡಿಮ್ಯಾಲ ಶೇಂಗಾ ಬೆಲ್ಲ ತಿಂದು, ದೇಸೂರಿನ ಏರು ತುಳದು ತಿರುಗಿ ಬರತಿದ್ದೆ. ಇಡೀ ದಿನ ಒಂದ ಮಾತೂ ಆಡದ ರವಿವಾರಗಳು ಎಷ್ಟೋ.

ಎಲ್ಲಾ ತಯಾರಾತು. ಆದ್ರ ಮಂಡಳಿಯವರದು ಒಂದು ಖಡಕ್ ನಿಯಮ: ಸೈಕಲ್, ಬಟ್ಟಿ ಕಾಯಾಕ, ನೀರಿಗೆ ಇಳದಾಂವ ಮ್ಯಾಲೆ ಬಂದಾನೋ ಇಲ್ಲೋ ನೋಡಾಕ, ಅವನ ಪೈಕಿ ಒಬ್ಬ ಮನುಷ್ಯಾ ದಂಡಿಮ್ಯಾಲ ಇರಬೇಕು. ಮನುಷ್ಯಾ ಇಲ್ಲಂದ್ರ ರೇಸ್ ಇಲ್ಲ.

ಬಾಜೂ ಮೇಜಿನ ಗೆಳೆಯಾಗ ಕೇಳಿದೆ. ಹಂಗ ಕೇಳೂದು ನನಗ ಎಷ್ಟು ಕಠಿಣ ಆತಂದ್ರ, ಎರಡು ಸಲ ಚಹಾ ಕುಡಿಸಿದ ಮ್ಯಾಲ ಬಾಯಿ ಬಿಟ್ಟೆ. "ಅಯ್ಯ, ಅದೇನ್ ದೊಡ್ಡದ್ರೀ! ಮೊದಲ ಬಸ್ಸಿಗೇ ಬಂದಿರ್ತೀನಿ" ಅಂದ.

ರೇಸಿನ ದಿನ ಖಾನಾಪುರಕ್ಕ ಬಸ್ ಬಂತು, ಅಂವ ಬರಲಿಲ್ಲ. ಎರಡನೇ ಬಸ್ಸಿಗೂ ಇಲ್ಲ. ಕೈ ಕೊಟ್ಟ ಭಾಡ್ಯಾ!

ಹೊಳಿ ದಂಡಿಗೆ ಹೋದ್ರ ಅಲ್ಲಿ ನನ್ನಂಗ ಇನ್ನೊಬ್ಬ. ಪಾರಿಶ್ವಾಡದಾಂವ, ಸಾಲಿ ಮಾಸ್ತರ. ಕಾಯಾಕ ಬರಬೇಕಾಗಿದ್ದ ಅವನ ತಮ್ಮಗ ಜ್ವರ ಬಂದು ಮನ್ಯಾಗ ಮಲಗಿದ್ದನಂತ. ಮಂಡಳಿಯ ಹಿರಿಯರು ನಮ್ಮಿಬ್ಬರನ್ನೂ ನೋಡಿ, "ಒಬ್ಬರು ಇಳೀರಿ, ಒಬ್ಬರು ಕಾಯ್ರಿ" ಅಂದ್ರು. "ನೀವು ಹೋಗ್ರಿ." "ಛೇ ಛೇ, ನೀವು ಹೋಗ್ರಿ." ಬಾಯಿಲೆ ಅಷ್ಟು ಸಭ್ಯತಾ, ಒಳಗ ಇಬ್ಬರಿಗೂ ಉರಿ. ಕಡೀಕ ಹಿರಿಯರು ರೂಪಾಯಿ ಹಾರಿಸಿ ಚಿತ್-ಪಟ್ ನೋಡಿದ್ರು. ನಾ ಸೋತೆ.

ಖರೇ ಹೇಳತೀನಿ, ಅವನ ಸೈಕಲ್ ಗಿಡಕ್ಕ ಆನಿಸಿ ಮನಿಗೆ ಹೋಗಿಬಿಡೂಣು ಅನಿಸ್ತು. ಇಷ್ಟು ತಿಂಗಳು ಮೈ ಮುರದು ಗುರುತಿಲ್ಲದಾಂವನ ಧೋತರಾ ಹಿಡಕೊಂಡು ನಿಂತೀನಲ್ಲ! ಸಿಟ್ಟಿಗೆ ಕಣ್ಣಾಗ ನೀರು ಬಂದ್ವು. ಆದ್ರ ನೀರಾಗ ಅಷ್ಟು ತಲಿ, ಅದರಾಗ ಅವನದು ಯಾವುದು ಅಂತ ಹುಡಕಾಕ ಹತ್ತಿದ ಮ್ಯಾಲ ಕಾಲು ಕೀಳಲಿಲ್ಲ.

ಎಲ್ಲಾರಕಿಂತ ಕಡೀಕ ಬಂದ. ಗಡಗಡ ನಡಗತಿದ್ದ. ನನ್ನ ನೋಡಿ ಅಲ್ಲೇ ನಿಂತ. "ಇನ್ನೂ ನಿಂತೀರೇನ್ರಿ! ನಡುವ ತಿರುಗಿ ನೋಡಿದಾಗ ನೀವು ಕಂಡ್ರಿ. ಅದಕ್ಕs ಈಜಿದೆ ನೋಡ್ರಿ, ಇಲ್ಲಂದ್ರ ಆಚಿ ದಂಡಿಗೇ ಕುಂತುಬಿಡತಿದ್ದೆ." ನಾ ಅವನ ಬೆನ್ನು ಒರಸಿ, ಸೀಟು ಹಿಡದು ರಸ್ತೆ ತನಕ ನೂಕಿ ಕಳಿಸಿದೆ.

ಮಂದಿಯೆಲ್ಲಾ ಮುಕ್ತಾಯ ನೋಡಾಕ ಟೆಂಪೋ ಹತ್ತಿ ಬೆಳಗಾವಿಗೆ ಹೊಂಟ್ರು. "ಬರ್ರಿ, ಜಾಗಾ ಐತಿ" ಅಂದ್ರು. ನೀವು ನಡೀರಿ ಅಂದೆ.

ಎಲ್ಲಾರೂ ಹೋದ ಮ್ಯಾಲ ಅಂಗಿ ಬಿಚ್ಚಿ ನೀರಿಗೆ ಇಳಿದೆ. ಒಬ್ಬಾಂವನ ಈಜೂದು ನನಗೇನು ಹೊಸಾದಲ್ಲ, ಅಷ್ಟು ರವಿವಾರ ಅದನ್ನ ಮಾಡಿದ್ದೆ. ಆದ್ರ ನಡುನೀರಾಗ ನಿಂತು ದಂಡಿ ಕಡೆ ತಿರುಗಿ ನೋಡಿದ್ದು ಅವತ್ತ ಮೊದಲು.