ಮೋತ್ಯಾನ ಗಾಯಕ್ಕೆ ಹಾಕದ ಔಷಧ

ಸುಜಾತಾ, ನಿನ್ನ ಮೋತ್ಯಾ ವಯಸ್ಸಾಗಿ ಸಾಯಲಿಲ್ಲ. ಅವನ ಗಾಯದಲ್ಲಿ ಹುಳ ಬಿದ್ದಿದ್ದವು. ಔಷಧ ನನ್ನ ಕೈಯಲ್ಲೇ ಇತ್ತು—ನಾನು ಹಾಕಲಿಲ್ಲ. ಮಲಗಿದ್ದಲ್ಲೇ ಶಾಂತವಾಗಿ ಹೋದ ಎಂದು ನಿನಗೆ ಹೇಳಿದ್ದು ಸುಳ್ಳು.

ನೀನು ಮದುವೆಯಾಗಿ ಖಾನಾಪುರಕ್ಕೆ ಹೊರಟ ದಿನ, ಅಣ್ಣನನ್ನೂ ಅವ್ವನನ್ನೂ ಬಿಟ್ಟು ಅಳುತ್ತ ಅತ್ತಿಗೆಯಾದ ನನ್ನ ಹತ್ತಿರ ಬಂದಿದ್ದೆ. ನಿನ್ನ ಗಂಡನ ಮನೆಯಲ್ಲಿ ನಾಯಿ ಸಾಕುವಂತಿರಲಿಲ್ಲ. "ವೈನಿ, ಇವನ್ನ ನಿಮ್ಮ ಉಡಿಯಾಗ ಹಾಕೇನ್ರಿ" ಅಂದಿದ್ದೆ. ನಾನು ದೊಡ್ಡ ಮನಸ್ಸಿನವಳಂತೆ ತಲೆಯಾಡಿಸಿದೆ. ಖರೇ ಹೇಳಬೇಕೆಂದರೆ ಅವನು ನನ್ನನ್ನು ಬಲು ಬೇಗ ಹಚ್ಚಿಕೊಂಡ. ಖಾಸಬಾಗದ ನಮ್ಮ ಓಣಿಯಲ್ಲಿ ನಾನು ಕಾಯಿಪಲ್ಲೆಗೆ ಹೊರಟರೂ ಬೆನ್ನ ಹಿಂದೆ ಅವನೇ.

ಆ ವರ್ಷದ ಚಾತುರ್ಮಾಸದಲ್ಲಿ ನಾನು ಬಸದಿಯಲ್ಲಿ ಮುನಿಗಳ ಮುಂದೆ ನೇಮ ಹಿಡಿದೆ—ಮಳೆಗಾಲ ಮುಗಿಯುವವರೆಗೆ ತಿಳಿದೂ ತಿಳಿದೂ ಒಂದು ಇರುವೆಯನ್ನೂ ಕೊಲ್ಲುವುದಿಲ್ಲ ಎಂದು. ನಮ್ಮ ಜೈನರಲ್ಲಿ ಇಂಥ ನೇಮ ಹೊಸದೇನಲ್ಲ. ಆದರೆ ಹೆಂಗಸರೆಲ್ಲ ಸುತ್ತ ನಿಂತು, "ಭಾಳ ಗಟ್ಟಿ ಇದ್ದೀ ನೋಡವಾ" ಎಂದಾಗ ನನಗಾದ ಹಿಗ್ಗು—ಅದು ಹೊಸದು. ಅಲ್ಲೇ ಸಿಕ್ಕಿಬಿದ್ದೆ ನಾನು.

ಹಿಡಿದ ಮಳೆ ಬಿಡಲಿಲ್ಲ. ಓಣಿಯ ನಾಯಿಗಳ ಜೊತೆ ಕಚ್ಚಾಡಿ ಮೋತ್ಯಾ ಬಾಲದ ಬುಡದಲ್ಲಿ ಗಾಯ ಮಾಡಿಕೊಂಡಿದ್ದ. ಉದ್ದ ಕೂದಲು, ಸದಾ ಒದ್ದೆ—ನನಗೆ ಕಾಣಲೇ ಇಲ್ಲ. ನಾತ ಬಂದಾಗ ಕೂದಲು ಸರಿಸಿ ನೋಡಿದೆ. ಅಯ್ಯೋ ದೇವರೇ! ಗಾಯದೊಳಗೆ ಬಿಳಿ ಹುಳಗಳು ಮಿಜಿಗುಡುತ್ತಿದ್ದವು.

ಆಟೋ ಮಾಡಿಕೊಂಡು ಮಹಾಂತೇಶ ನಗರದ ಪಶುವೈದ್ಯರ ಹತ್ತಿರ ಒಯ್ದೆ. ಅವರು ಕೂದಲು ಕತ್ತರಿಸಿ, ಗಾಯ ತೊಳೆದು, ಒಂದು ಸೀಸೆ ಕೊಟ್ಟರು. "ಮುಂಜಾನಿ ಸಂಜಿ ಗಾಯದಾಗ ಬಿಡ್ರಿ. ಒಳಗಿನ ಹುಳ ಸಾಯಬೇಕು, ಇಲ್ಲಂದ್ರ ಮಾಂಸ ತಿನ್ಕೋತ ಒಳಗ ಹೋಗ್ತಾವ. ನಾಳಿ ಮತ್ತ ಕರಕೊಂಡ ಬರ್ರಿ." ಸಾಯಬೇಕು—ಆ ಒಂದು ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು.

ಮನೆಗೆ ಬಂದು ಅವನೊಂದಿಗೆ ಬಚ್ಚಲು ಹೊಕ್ಕು ಚಿಲಕ ಹಾಕಿಕೊಂಡೆ. ಸೀಸೆಯ ಮುಚ್ಚಳ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಔಷಧ ಹಾಕಿದರೆ ನೇಮ ಮುರಿಯಿತು. ಹಾಕದಿದ್ದರೆ— ಮೋತ್ಯಾ ನನ್ನ ಮುಖವನ್ನೇ ನೋಡುತ್ತಿದ್ದ. ಕೊನೆಗೆ ನಾನೊಂದು ಜಾಣತನ ಮಾಡಿದೆ. ಚಿಮಟದಿಂದ ಒಂದೊಂದೇ ಹುಳವನ್ನು ನೋವಾಗದಂತೆ—ಹುಳಕ್ಕೆ ನೋವಾಗದಂತೆ, ಸುಜಾತಾ, ನಾಯಿಗಲ್ಲ—ಹಿಡಿದು, ಎಲೆಯ ಮೇಲಿಟ್ಟು, ಹಿತ್ತಲಿನ ಹಸಿಮಣ್ಣಿಗೆ ಬಿಟ್ಟುಬಂದೆ. ಎರಡೂ ಕಡೆಯ ಜೀವ ಉಳಿಸಿದೆ ಎಂದು ಬೀಗಿದೆ. ಕಣ್ಣಿಗೆ ಕಂಡವು ಬಂದವು, ಒಳಗಿನವು ಒಳಗೇ ಉಳಿದವು. ಮಣ್ಣಿಗೆ ಬಿಟ್ಟವೇ ನಾಳೆ ನೊಣವಾಗಿ ಏಳುತ್ತವೆ ಎಂಬುದೂ ನನ್ನ ಮಡ್ಡ ತಲೆಗೆ ಹೊಳೆಯಲಿಲ್ಲ. ಮರುದಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಔಷಧ ಹಾಕಿದಿರೇನು ಎಂದು ಕೇಳಿದರೆ ಏನು ಹೇಳಲಿ?

ಅವನು ಅನ್ನ ಬಿಟ್ಟ. ಆಗಲೇ ನಿನ್ನ ಫೋನು ಬಂತು. "ಮೋತ್ಯಾ ಹ್ಯಾಂಗದಾನ್ರಿ ವೈನಿ? ಯಾಕೋ ಮನಸ್ಸಿಗಿ ಸಮಾಧಾನ ಇಲ್ಲ. ಬಂದು ನೋಡಿ ಹೋಗ್ಲೇನು?"

"ಏನೂ ಆಗಿಲ್ಲವಾ, ಆರಾಮ ಅದಾನ. ಮಳಿ ಭಾಳ ಐತಿ, ಬರಬ್ಯಾಡ."

ನೀನು ಬಂದಿದ್ದರೆ ಸೀಸೆ ಕಸಿದುಕೊಂಡು ಅವನನ್ನು ಉಳಿಸಿಕೊಳ್ಳುತ್ತಿದ್ದೆ. ಗೊತ್ತಿತ್ತು ನನಗೆ. ಗೊತ್ತಿದ್ದೇ—

ಕೊನೆಕೊನೆಗೆ ಅವನು ಬಚ್ಚಲಿನ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿದ. ನಾನು ಹತ್ತಿರ ಹೋದರೆ ಮೈ ಮುದುಡಿಕೊಳ್ಳುತ್ತಿದ್ದ. ಆಗ ದಿಗಿಲುಬಿದ್ದು ಆಟೋ ಕರೆಸಿದೆ. ದಾರಿಯಲ್ಲೇ, ನನ್ನ ತೊಡೆಯ ಮೇಲೆ ಜೀವ ಬಿಟ್ಟ. ಮರುದಿನ ನೀನು ಬಂದು ನನ್ನ ಕೈ ಹಿಡಿದು, "ನೀವ ಇದ್ರಿ ಅಂತ ಅವ ಸುಖದಿಂದ ಹ್ವಾದ ನೋಡ್ರಿ" ಎಂದು ಬಿಕ್ಕಿದೆ. ನಾನೂ ನಿನ್ನ ಜೊತೆ ಕಣ್ಣೊರೆಸಿಕೊಂಡೆ. ಎಂಥ ನಾಚಿಕೆಗೇಡಿ!

ಚಾತುರ್ಮಾಸ ಮುಗಿದ ಮೇಲೆ ನಿಮ್ಮವ್ವನನ್ನು ಸುಮ್ಮನೆ ಕೇಳಿದಂತೆ ಕೇಳಿದೆ—ನೇಮ ಹಿಡಿದವರು ನಾಯಿಯ ಗಾಯದ ಹುಳಕ್ಕೆ ಔಷಧ ಹಾಕಬಹುದೇ ಎಂದು. ಅತ್ತೆ ಅಕ್ಕಿ ಆರಿಸುತ್ತಿದ್ದರು, ತಲೆ ಕೂಡ ಎತ್ತಲಿಲ್ಲ. "ಹಾಕಬೇಕಲ್ಲವಾ! ಸಂಸಾರಸ್ಥರು ನಾವು, ಮುನಿಗಳಲ್ಲ. ನಂಬಿದ ಜೀವ ಕಾಯೂದ ಬಿಟ್ಟು ಎಂಥಾ ನೇಮ?"

ಅಷ್ಟೂ ದಿನ ಅವರು ಪಕ್ಕದ ಖೋಲಿಯಲ್ಲೇ ಇದ್ದರು, ನಾನು ಔಷಧ ಹಾಕುತ್ತಿದ್ದೇನೆ ಎಂದೇ ನಂಬಿದ್ದರು. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ—ಹಾಕು ಎಂದುಬಿಟ್ಟರೆ? ಹಾಕಿದರೆ, ಬಸದಿಯಲ್ಲಿ ನನ್ನ ನೇಮಕ್ಕೆ ಕುಂದು. ಅದು ಹುಳದ ಮೇಲಿನ ಕರುಣೆಯಲ್ಲ ಸುಜಾತಾ, ನನ್ನ ಹೆಸರಿನ ಮೇಲಿನ ಆಸೆ. ಬಾಗಿಲ ಚಿಲಕ ಹಾಕಿಕೊಂಡವಳು ನಾನೇ, ಒಳಗೆ ನರಳಿದವನು ಅವನು.

ವರ್ಷವರ್ಷವೂ ಕ್ಷಮಾವಣಿಯ ದಿನ ನಾವೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತೇವೆ. ನಾನೂ ನಿನ್ನನ್ನು ಕೇಳುತ್ತ ಬಂದಿದ್ದೇನೆ. ನೀನು ಪ್ರತಿ ಸಲ ನಕ್ಕು, "ನಿಮ್ಮದೇನ ತಪ್ಪೈತ್ರಿ ವೈನಿ" ಎನ್ನುತ್ತೀ. ತಪ್ಪು ಯಾವುದೆಂದು ಹೇಳದೆ ಪಡೆದ ಆ ಕ್ಷಮೆಯೂ ನಿನ್ನಿಂದ ಕದ್ದದ್ದೇ.

ನಾಳೆ ಮತ್ತೆ ಆ ದಿನ. ಖಾನಾಪುರದ ಬಸ್ಸು ಹತ್ತಿ ನಿನ್ನ ಮನೆಗೆ ಬರುತ್ತೇನೆ. ಈ ಸಲ ಕ್ಷಮೆ ಕೇಳುವುದಿಲ್ಲ. ಇಷ್ಟು ಹೊತ್ತು ಮನಸ್ಸಿನಲ್ಲೇ ನಿನಗೆ ಹೇಳಿಕೊಂಡದ್ದನ್ನು, ಅವನು ಹೇಗೆ ಸತ್ತ ಎಂಬುದನ್ನು, ಮೊದಲಿನಿಂದ ಹೇಳುತ್ತೇನೆ. ನೀನು ನನ್ನ ಮುಖದ ಮೇಲೆ ಬಾಗಿಲು ಹಾಕಿದರೆ, ಹೊರಗೇ ನಿಂತು ಹೇಳುತ್ತೇನೆ.