ಸೆರಗು ಹಿಡಿದ ಬಾಣಂತಿ

...ಅಥವಾ ಅದು ಮಾಗಿಯ ಚಳಿಯೇ ಅಲ್ಲವೇನೋ. ಗುಡಿಸಲ ಮೇಲೆ ಹೊದಿಸಿದ್ದು ಸೋಗೆಯೋ, ಹುಲ್ಲೋ? ಅದೂ ಖಾತ್ರಿಯಿಲ್ಲ. ಮಗುವಿನ ಪಾದ ತಣ್ಣಗಿತ್ತು ಎಂಬುದೊಂದೇ ಖಾತ್ರಿ. ತಲೆ ಮರೆತರೂ ನರ್ಸಿನ ಬೆರಳು ಮರೆಯುವುದಿಲ್ಲ.

ಈಗ ಯಾಕೆ ಈ ರಾಗ ಅಂತೀರಾ? ಕಳೆದ ಭಾನುವಾರ ಸಿರಾದ ನಮ್ಮ ಪುಟ್ಟ ಸಭೆಯಲ್ಲಿ ನನ್ನನ್ನು ಸಾಕ್ಷಿ ಹೇಳಲು ನಿಲ್ಲಿಸಿದರು. (ಕೋರ್ಟಿನ ಸಾಕ್ಷಿಯಲ್ಲ. ದೇವರ ವಾಕ್ಯ ನಿನ್ನ ಬದುಕಿನಲ್ಲಿ ಏನು ಮಾಡಿತು ಎಂದು ಎಲ್ಲರೆದುರು ಹೇಳುವುದು.) ನಾನು ಹಟ್ಟಿಯಾಚೆ ಕೂತ ಬಾಣಂತಿಯೊಬ್ಬಳ ಸಂಗತಿ ಹೇಳತೊಡಗಿದೆ. ಮುಗಿಯುವ ಮೊದಲೇ ಪಾಸ್ಟರ್, "ಆಮೇಲೆ ಆಕೆ ಧೈರ್ಯವಾಗಿ ಮನೆಯೊಳಗೆ ಹೋದಳು, ಅಲ್ವಾ ಸಿಸ್ಟರ್?" ಅಂದುಬಿಟ್ಟರು. ಎಲ್ಲರೂ ಆಮೆನ್ ಅಂದರು.

ಇಲ್ಲ ಸ್ವಾಮಿ, ಹೋಗಲಿಲ್ಲ. ಅಲ್ಲಿ ಹೇಳಲು ಬಿಡಲಿಲ್ಲ, ಇಲ್ಲಿ ಹೇಳುತ್ತೇನೆ.

ಗೌಡಗೆರೆ ಕಡೆಯ ಒಂದು ಹಟ್ಟಿ. ಕುರಿ ಸಾಕುವವರ ಮನೆಗಳು. ಅಲ್ಲಿ ಹೆತ್ತವಳು ಮಗುವಿನೊಂದಿಗೆ ಹಟ್ಟಿಯಾಚೆಯ ಗುಡಿಸಲಲ್ಲಿರಬೇಕು. ಅವರನ್ನು ಮುಟ್ಟಿದ ಹಟ್ಟಿಯವರೂ ಸೂತಕ ಕಳೆಯುವ ತನಕ ಹೊರಗೇ. ಕರಿಯಮ್ಮನಿಗೆ ಅದು ಚೊಚ್ಚಲು. ಗಂಡ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿದ್ದ.

ಮಗು ಸಣ್ಣದು. ಹಾಲು ಎಳೆಯುತ್ತಿತ್ತು, ಮೈ ಮಾತ್ರ ಬಿಸಿ ಹಿಡಿಯುತ್ತಿರಲಿಲ್ಲ. ಎದೆಗೆ ಅವುಚಿಕೊಂಡೇ ಇರಬೇಕು. ಆದರೆ ಕರಿಯಮ್ಮ ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ, ಕೂತಲ್ಲೇ ತೂಕಡಿಸುತ್ತಿದ್ದಳು. ಇನ್ನೊಂದು ಬೆಚ್ಚಗಿನ ಎದೆ ಬೇಕಿತ್ತು. ನನಗೋ, ಪಕ್ಕದೂರಿನಲ್ಲಿ ಇನ್ನೊಂದು ಹೆರಿಗೆ ಕಾಯುತ್ತಿತ್ತು.

"ಸಿರಾ ಆಸ್ಪತ್ರೆಗೆ ಬಾರಮ್ಮ" ಅಂದೆ.

"ಬಸ್ನಾಗಿರೋರ್ಗೆಲ್ಲ ನನ್ ಮೈಲಿಗೆ ಹಂಚ್ಕಂಡ್ ಬರ್ಲಾ ನರ್ಸಮ್ಮ?"

ಯಾಕೆ ನೆನಪಾಯಿತೋ, ಮಗುವಿನ ಪಾದ ಉಜ್ಜುತ್ತಾ ಬೈಬಲಿನ ಸುವಾರ್ತೆಯಲ್ಲಿ ಬರುವ ಒಬ್ಬ ಹೆಂಗಸಿನ ಕಥೆ ಹೇಳಿದೆ. ಹನ್ನೆರಡು ವರ್ಷದಿಂದ ರಕ್ತ ನಿಲ್ಲದವಳು. ಇದ್ದುದನ್ನೆಲ್ಲ ವೈದ್ಯರಿಗೆ ಸುರಿದವಳು. ಅವಳನ್ನು ಮುಟ್ಟಿದರೆ ಮೈಲಿಗೆ ಎಂದು ಅಲ್ಲೂ ಕಟ್ಟಳೆಯಿತ್ತು. ಆದರೂ ಜನರ ನಡುವೆ ನುಗ್ಗಿ, ಹಿಂದಿನಿಂದ ಯೇಸುವಿನ ಬಟ್ಟೆಯ ಅಂಚು ಮುಟ್ಟಿದಳು. ರಕ್ತ ನಿಂತಿತು.

"ಮುಟ್ಟಿದ್ದಕ್ಕೆ ಬೈದ್ನಾ?"

"ಇಲ್ಲ. ಮಗಳೇ ಅಂದ."

ಕರಿಯಮ್ಮ ತಲೆಯೆತ್ತಿದಳು. "ಅಂಗಾರೆ ಅವನ್ಗೂ ಮೈಲಿಗೆ ಆಯ್ತಲ್ಲ. ಮನೆಗೋಗಿ ನೀರುಯ್ಕಂಡ್ನಾ?"

ಪಾಸ್ಟರರ ಎಷ್ಟು ಪ್ರಸಂಗ ಕೇಳಿದ್ದೇನೆ! ಒಬ್ಬರಾದರೂ ಈ ಪ್ರಶ್ನೆ ಎತ್ತಿದ್ದರೇ?

"ಹಾಗಂತ ಬರೆದಿಲ್ಲ ಕಣಮ್ಮ."

"ಅಂಗಂದ್ರೆ ಉಯ್ಕಂಡಿಲ್ಲ ಬುಡು."

ಅಷ್ಟರಲ್ಲಿ ಅವಳ ಅತ್ತೆ ಚಿತ್ತಮ್ಮ ಮುದ್ದೆ ಸಾರು ತಂದು ಗುಡಿಸಲ ಬಾಗಿಲಲ್ಲಿ ನಿಂತಳು. ಕಥೆಯ ಬಾಲ ಕಿವಿಗೆ ಬಿದ್ದಿತ್ತು. "ಏನ್ ನರ್ಸಮ್ಮ, ನನ್ ಸೊಸೇನ ನಿಮ್ ಜಾತಿಗೆ ಸೇರಿಸ್ಕಣಾಕೆ ಬಂದೀಯಾ?"

"ನಮ್ಮಲ್ಲೂ ಬಾಣಂತಿ ನಲವತ್ತು ದಿನ ಸಭೆಗೆ ಬರೋ ಹಾಗಿಲ್ಲಮ್ಮ. ಸೇರಿ ಏನು ಸುಖ?" ಅಂದೆ. (ನಿಜ. ಪಾಸ್ಟರ್ ಇದನ್ನೂ ಓದಲಿ.) "ಮಗು ತಣ್ಣಗಾಗ್ತಿದೆ. ಯಾರಾದರೂ ಎತ್ತಿಕೊಳ್ಳಬೇಕು. ಇವಳು ನಿದ್ದೆಗೆ ಬಿದ್ದರೆ ಮಗು ಉಳಿಯಲ್ಲ."

"ನಾನೆತ್ಕಂಡ್ರೆ ಮನೇಲಿ ಒಲೆ ಹಚ್ಚೋರ್ಯಾರು? ಹಟ್ಟಿಯೋರು ಸುಮ್ಕಿರ್ತಾರಾ?"

ಕರಿಯಮ್ಮ ಕೈಚಾಚಿ ಅತ್ತೆಯ ಸೆರಗು ಹಿಡಿದುಬಿಟ್ಟಳು. ಗಟ್ಟಿಯಾಗಿ.

"ಲೇ ಮುಂಡೇದೇ! ಮುಟ್ಬುಟ್ಯಲ್ಲೇ!"

"ಊ ಕಣತ್ತೆ, ಮುಟ್ಬುಟ್ಟೆ. ಈಗ ನೀನೂ ಹೊರಗ್ಲೋಳೇಯ. ಹಿಡ್ಕ ಮಗೀನ."

ಚಿತ್ತಮ್ಮ ಬೈದಳು. ಸೊಸೆಯನ್ನು, ನನ್ನನ್ನು, ನನ್ನ ಕಥೆಯನ್ನು, ನನ್ನನ್ನು ಕೆಲಸಕ್ಕಿಟ್ಟ ಸರ್ಕಾರವನ್ನು. ಬೈಯುತ್ತಲೇ ಕೂತಳು. ಬೈಯುತ್ತಲೇ ಮಗುವನ್ನು ಎದೆಗೆ ಹಾಕಿಕೊಂಡು ಕಂಬಳಿ ಹೊದ್ದಳು. ಕರಿಯಮ್ಮ ಗೋಡೆಗೊರಗಿ ಬಾಯಿ ತೆರೆದು ನಿದ್ದೆಹೋದಳು, ಸೆರಗು ಬಿಡದೆ.

ಮುಂದಿನ ವಾರ ಹೋದಾಗ ಮೂವರೂ ಅಲ್ಲೇ ಇದ್ದರು. ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಇಷ್ಟೇ. ಗುಡಿಸಲು ಬೀಳಲಿಲ್ಲ. ಕಟ್ಟಳೆ ಬದಲಾಗಲಿಲ್ಲ. ಯಾರೂ ಯಾವ ಜಾತಿಗೂ ಸೇರಲಿಲ್ಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಈ ಕಾಲದಲ್ಲಿ ಎರಡು ಸಾವಿರ ವರ್ಷದ ಕಥೆ ಯಾಕ್ರೀ ಎಂದು ಆಫೀಸಿನ ಗೆಳೆಯರು ನಗುತ್ತಾರೆ. ನಗಲಿ. ಅಂದು ನನ್ನ ಚೀಲದಲ್ಲಿ ಕಬ್ಬಿಣದ ಮಾತ್ರೆ ಇತ್ತು, ಹತ್ತಿ ಇತ್ತು, ಅಳತೆಯ ಟೇಪು ಇತ್ತು. ಆ ಗಳಿಗೆಗೆ ಅವಾವುದೂ ಒದಗಲಿಲ್ಲ. ಸುವಾರ್ತೆಯ ಈ ಪುಸ್ತಕವನ್ನು ನಾನು ಗೆಳೆಯರ ನಗೆಗೆ ಹೆದರಿ ಮುಚ್ಚಿಡುವವಳಲ್ಲ. ಪಾಸ್ಟರರ ಚಂದದ ಮುಕ್ತಾಯಕ್ಕೂ ಒಪ್ಪಿಸುವವಳಲ್ಲ.

ಹೋಗಲಿ, ಅಂದು ಕೆಲಸ ಮಾಡಿದ್ದು ಕಥೆಯೇ ಎಂದು ಆಣೆ ಮಾಡಿ ಹೇಳಬಲ್ಲೆನೇ? ಅದೂ ಇಲ್ಲ. ಅಷ್ಟು ದಿನ ಹತ್ತು ಹೆಜ್ಜೆ ದೂರದಲ್ಲೇ ಊಟವಿಟ್ಟು ಹೋಗುತ್ತಿದ್ದ ಚಿತ್ತಮ್ಮ, ಅಂದು ಮಾತ್ರ ಸೊಸೆಯ ಕೈಗೆ ಎಟುಕುವಷ್ಟು ಹತ್ತಿರ ಯಾಕೆ ಬಂದು ನಿಂತಳು?

ನನಗೆ ಗೊತ್ತಿಲ್ಲ.