ತೊಂಬತ್ತಾರು ಅಂಕದ ಬಾಟಲಿ

ಗೋವಿಂದರಾಜು ತೀರಿಕೊಂಡ ಮೇಲೆ ಅವನ ಊರಿನಲ್ಲಿ ಎರಡು ಮಾತು ಕೇಳಿದೆ. ಮೇಷ್ಟ್ರು ಬಲು ಕಟ್ಟುನಿಟ್ಟು ಅನ್ನುವುದೊಂದು, ಮೇಷ್ಟ್ರು ಕುಡೀತಿದ್ದ ಅನ್ನುವುದು ಇನ್ನೊಂದು. ಯಾವುದೂ ಸುಳ್ಳಲ್ಲ. ಆದರೆ ಆಡಿದವರಿಗೆ ಅವನು ಅಷ್ಟಾಗಿ ಗೊತ್ತಿರಲಿಲ್ಲ. ಅವರೊಂದಿಗೆ ವಾದಕ್ಕೆ ನಿಲ್ಲುವ ಶಕ್ತಿ ನನಗೆ ಈಗ ಇಲ್ಲ. ಕಂಡದ್ದನ್ನು ಬರೆದಿಡುತ್ತೇನೆ.

ಗುಬ್ಬಿಯ ಹೈಸ್ಕೂಲೊಂದರಲ್ಲಿ ಅವನು ಗಣಿತ ಹೇಳಿಕೊಡುತ್ತಿದ್ದ, ನಾನು ಕನ್ನಡ. ಇಬ್ಬರದೂ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ. ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ನನ್ನ ಊರು ಕುಣಿಗಲ್ ಕಡೆಯದು. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಏನ್ಲಾ ಕುಣಿಗಲ್’ ಅನ್ನುತ್ತಿದ್ದ. ಬಸ್ಸಿನಲ್ಲೂ ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇರುತ್ತಿತ್ತು. ಮೂವತ್ತೈದು ಬಂದರೆ ಪಾಸು. ಮೂವತ್ತನಾಲ್ಕು ತೆಗೆದ ಹುಡುಗನಿಗೆ ಒಂದು ಅಂಕ ಸೇರಿಸಿ ದಾಟಿಸುವುದು ಎಲ್ಲ ಮೇಷ್ಟ್ರುಗಳೂ ಮಾಡುವ ಪುಣ್ಯದ ಕೆಲಸ. ಅವನು ಮಾಡುತ್ತಿರಲಿಲ್ಲ.

‘ಇಲ್ದಿರೋ ಅಂಕ ಎಲ್ಲಿಂದ ತರ್ಲಿ? ತೆಂಗಿನ ಮರದಲ್ಲಿ ಬಿಡ್ತದಾ?’ ಅನ್ನುತ್ತಿದ್ದ.

ವೈನಿನ ಹುಚ್ಚು ಹಿಡಿದದ್ದೂ ಅಂಕದಿಂದಲೇ. ಬೆಂಗಳೂರಿನಲ್ಲಿ ಯಾರದೋ ಮದುವೆ ಮುಗಿಸಿಕೊಂಡು ಬರುವಾಗ ನೀರಿನ ಬಾಟಲಿ ಕೊಳ್ಳಲು ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆವು. ಅಲ್ಲಿ ಒಂದು ವೈನ್ ಬಾಟಲಿಯ ಕತ್ತಿಗೆ ದುಂಡನೆಯ ಚೀಟಿ ಅಂಟಿಸಿ ತೊಂಬತ್ತೆರಡು ಎಂದು ಬರೆದಿದ್ದರು. ನೂರಕ್ಕೆ ಎಂದು ಕೆಳಗೆ ಸಣ್ಣದಾಗಿತ್ತು. ಅವನು ಕನ್ನಡಕ ಏರಿಸಿ ಓದಿದ.

‘ಇದುನ್ನ ಯಾರ್ಲಾ ವ್ಯಾಲ್ಯುಯೇಶನ್ ಮಾಡ್ದೋರು? ಸರಿ, ಎಂಟು ಅಂಕ ಯಾವ ತಪ್ಪಿಗೆ ಕಳೆದ್ರು?’

‘ಕುಡಿದು ಕಂಡುಕೊ’ ಎಂದೆ.

ಅಲ್ಲಿಯವರೆಗೆ ಅವನು ಏನನ್ನೂ ಕುಡಿದವನಲ್ಲ. ಅವನ ಅಪ್ಪ ಅಂಜನಪ್ಪ ಸಾರಾಯಿ ಕುಡಿದು ಕುಡಿದೇ ಹೋದವರು. ತಾಯಿ ನರಸಿಂಹಮ್ಮ ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ, ರಾಗಿ ಹೊಲ ನೋಡಿಕೊಂಡು ಗಂಡುಮಕ್ಕಳಿಬ್ಬರನ್ನು ಓದಿಸಿದರು. ಮಗನ ಮನೆಯಲ್ಲಿ ವೈನ್ ಬಾಟಲಿ ಕಂಡ ದಿನ ಅವರು ಊಟ ಮಾಡದೆ ಬಸ್ಸು ಹತ್ತಿದರು. ‘ಬಣ್ಣ ಬೇರೆ ಆದ್ರೆ ಸಾರಾಯಿ ಹಾಲಾಗ್ತದೇನ್ಲಾ?’ ಎಂದಷ್ಟೇ ಕೇಳಿದರಂತೆ. ಆಮೇಲೆ ಅವರು ಬಂದಾಗಲೆಲ್ಲ ಅವನು ತನ್ನ ಗ್ಲಾಸುಗಳನ್ನು ಹಿತ್ತಲ ನಲ್ಲಿಯಲ್ಲಿ ತಾನೇ ತೊಳೆದು ಅಟ್ಟಕ್ಕೆ ಏರಿಸುತ್ತಿದ್ದ. ಅವರು ಅವನ್ನು ಮುಟ್ಟುತ್ತಿರಲಿಲ್ಲ.

ಅವನು ಕುಡಿಯುತ್ತಿದ್ದ ರೀತಿಯೇ ಬೇರೆ. ಭಾನುವಾರ ಮಧ್ಯಾಹ್ನ ಗ್ಲಾಸಿಗೆ ಎರಡು ಚಮಚ ಸುರಿದುಕೊಂಡು ಬೆಳಕಿಗೆ ಹಿಡಿಯುವುದು, ಮೂಸುವುದು, ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗಿಯುವುದು. ಆಮೇಲೆ ತಾನು ಕೊಟ್ಟ ಅಂಕಕ್ಕೂ ಪರದೇಶದ ಪಂಡಿತರು ಕೊಟ್ಟ ಅಂಕಕ್ಕೂ ಎಷ್ಟು ವ್ಯತ್ಯಾಸ ಎಂದು ಮೊಬೈಲಿನಲ್ಲಿ ನೋಡುವುದು. ಅವನ ಹೆಂಡತಿ ಕೋಮಲಾ ಬಾಗಿಲಲ್ಲಿ ನಿಂತು, ‘ಉಗಿಯೋಕೆ ಇಷ್ಟೊಂದು ಓದ್ಬೇಕೇನ್ರೀ?’ ಎಂದು ನಗುತ್ತಿದ್ದಳು.

ಓದಿದ್ದು ತಿಳಿಯದಿದ್ದರೆ ಹುಡುಕಿಕೊಂಡು ಹೋಗುತ್ತಿದ್ದ. ಯಾವುದೋ ವೈನಿಗೆ ಚರ್ಮದ ವಾಸನೆ ಎಂದು ಬರೆದಿದ್ದರೆ ಕುಣಿಗಲ್ಲಿನ ಕುದುರೆ ಫಾರಂ ಬೇಲಿಯ ಪಕ್ಕ ನನ್ನನ್ನೂ ನಿಲ್ಲಿಸಿಕೊಂಡು ಕುದುರೆಗೆ ಹಾಕುವ ಚರ್ಮದ ಜೀನಿನ ವಾಸನೆ ಗಾಳಿಯಲ್ಲಿ ಬರಲಿ ಎಂದು ಕಾದ. ಬರೋಲೊ ಎಂಬ ಇಟಲಿಯ ವೈನಿನಲ್ಲಿ ಡಾಂಬರು ಮತ್ತು ಗುಲಾಬಿ ಒಟ್ಟಿಗೆ ಬರುತ್ತವೆ ಎಂದು ಓದಿದ ವಾರ ತುಮಕೂರಿನ ಬಟವಾಡಿಯಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಹೂವಿನವಳಿಂದ ಒಂದು ಗುಲಾಬಿ ಕೊಂಡು, ಕಾಯುತ್ತಿದ್ದ ಡಾಂಬರಿನ ಪಕ್ಕ ನಿಂತು ಮೂಗಿಗೆ ಹಿಡಿದ.

‘ಯಾರ್ಗೆ ಸಾರ್ ಗುಲಾಬಿ? ನಮ್ ಮೇಸ್ತ್ರಿಗಾ?’ ಎಂದು ಕೆಲಸದ ಹೆಂಗಸೊಬ್ಬಳು ಕೂಗಿದಳು. ಅವನು ಕಣ್ಣು ಮುಚ್ಚಿಕೊಂಡೇ, ‘ಸ್ವಲ್ಪ ಸುಮ್ಕಿರಮ್ಮ’ ಎಂದ.

ಆ ಬರೋಲೊ ಕೊನೆಗೆ ತಾನಾಗಿಯೇ ಬಂತು. ಒಂಬತ್ತನೆಯ ಕ್ಲಾಸಿನಲ್ಲಿ ಮೂವತ್ತನಾಲ್ಕಕ್ಕೆ ಅವನು ಫೇಲ್ ಮಾಡಿದ್ದ ಅಶ್ವಥ್ ಈಗ ಯಾವುದೋ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿದ್ದಾನೆ. ರಜಕ್ಕೆ ಬಂದಾಗ ತಂದುಕೊಟ್ಟ. ‘ತೊಂಬತ್ತಾರಂತೆ ಸಾರ್. ನಂಗೆ ಬರ್ಲಿಲ್ಲ, ನೀವಾದ್ರೂ ತಗೊಳಿ’ ಎಂದ. ಅದು ಇನ್ನೂ ಕೆಲವು ವರ್ಷ ತಂಪಾದ ಕತ್ತಲೆಯಲ್ಲಿ ಮಲಗಬೇಕು ಎಂದು ಗೋವಿಂದರಾಜು ಓದಿ ತಿಳಿದುಕೊಂಡ. ಹಳ್ಳಿಯ ಮನೆಯ ಮುಂದೆ ತಾತನ ಕಾಲದ ಹಗೇವು ಇತ್ತು, ರಾಗಿ ತುಂಬಿಡುವ ನೆಲದೊಳಗಿನ ಗುಳಿ. ಈಗ ಅದರಲ್ಲಿ ಯಾರೂ ರಾಗಿ ಇಡುವುದಿಲ್ಲ. ಏಣಿ ಇಳಿಸಿ, ಮರಳು ಹಾಸಿ, ಬಾಟಲಿಯನ್ನು ಅಲ್ಲಿ ಮಲಗಿಸಿ ಬಂದ.

‘ಅವ್ವನ ಎದುರಿಗೇ ತೆಗೀತೀನಿ ಕಣೋ’ ಎಂದಿದ್ದ ಬಸ್ಸಿನಲ್ಲಿ. ‘ಅಪ್ಪಂದೇ ಬೇರೆ, ಇದೇ ಬೇರೆ. ಅದೊಂದು ಅವ್ಳಿಗೆ ಗೊತ್ತಾದ್ರೆ ಸಾಕು.’

ಕಾಲ ಕೂಡಿಬರುವ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಗೆ ಹೋಗುವುದು, ಕಾಯುವುದು, ಔಷಧಿ ಹರಿಸಿಕೊಂಡು ಬಂದು ಮಲಗುವುದು. ಈ ತಿಂಗಳುಗಳ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಎಲ್ಲ ದಿನವೂ ಒಂದೇ ಥರ ಇದ್ದವು. ಔಷಧಿಗೆ ನಾಲಿಗೆ ಸತ್ತುಹೋಯಿತು. ಏನು ತಿಂದರೂ ತುಕ್ಕು ನೆಕ್ಕಿದ ಹಾಗೆ ಅನ್ನುತ್ತಿದ್ದ. ಔಷಧಿ ನಿಲ್ಲಿಸಿದರೆ ರುಚಿ ಸ್ವಲ್ಪ ಮರಳಬಹುದು ಎಂದರು ಡಾಕ್ಟರು. ನಿಲ್ಲಿಸಿದ್ದು ಅವನು ಗುಣವಾದನೆಂದಲ್ಲ, ಇನ್ನು ಪ್ರಯೋಜನವಿಲ್ಲವೆಂದು. ಅದು ಅವನಿಗೂ ತಿಳಿದಿತ್ತು.

ಒಂದು ಮಧ್ಯಾಹ್ನ ಅನ್ನ ಕಲಸಿಕೊಂಡವನು ತಟ್ಟೆಯಿಂದ ತಲೆಯೆತ್ತಿ, ‘ಕೋಮಲಾ, ಒಗ್ಗರಣೆ ಸೀದೋಗಿದೆ’ ಎಂದ. ಮದುವೆಯಾದಾಗಿನಿಂದ ಆ ಮಾತಿಗೆ ಜಗಳ ತೆಗೆಯುತ್ತಿದ್ದವಳು ಅವತ್ತು ಅತ್ತಳು. ಹಳ್ಳಿಗೆ ಫೋನ್ ಮಾಡಿ ಬಾಟಲಿ ತರಿಸು ಎಂದು ಅವನು ಅವಳಿಗೆ ಹೇಳಿದ.

ಮಾರನೆಯ ದಿನ ನರಸಿಂಹಮ್ಮನೇ ತಂದರು. ಬಿಳಿ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು, ಬಸ್ಸಿನಲ್ಲಿ. ಬಿಚ್ಚಿದಾಗ ಬಾಟಲಿ ಥಳಥಳ ಹೊಳೆಯುತ್ತಿತ್ತು. ಮೇಲಿನ ಕಾಗದವಿಲ್ಲ, ತೊಂಬತ್ತಾರರ ಚೀಟಿಯೂ ಇಲ್ಲ. ಬಿರಡೆ ಒಂದಿಷ್ಟು ಮೇಲೆದ್ದಿತ್ತು.

‘ಹಬ್ಬದ ಹೊತ್ತಿಗೆ ಹಗೇವು ತೆಗ್ಸಿ ನೋಡ್ದೆ ಕಣಪ್ಪ, ಬೂಷ್ಟು ಹಿಡ್ದಿತ್ತು’ ಎಂದರು. ‘ನೀನು ಅಷ್ಟು ಜೋಪಾನ ಮಾಡಿದ್ದು ಕೆಟ್ಟೋದ್ರೆ ಅಂತ ನಾನೇ ತೊಳ್ದೆ. ಬಾಯ್ಗೆ ಬಟ್ಟೆ ಕಟ್ಟಿ, ಉಪ್ಪಿನಕಾಯಿ ಜಾಡಿ ಜೊತೆ ತಾರಸಿ ಮೇಲೆ ಬಿಸ್ಲಿಗೆ ಇಕ್ಕಿದ್ದೆ. ಸಂಜೆಗೆ ಮಾತ್ರ ಒಳಕ್ಕೆ ತರ್ತಿದ್ದೆ, ಇಬ್ಬನಿ ಬೀಳ್ತದೆ ಅಂತ.’

ಗೋವಿಂದರಾಜು ನನ್ನ ಮುಖ ನೋಡಿದ. ವೈನಿಗೆ ಬಿಸಿಲು ತಾಗಿದರೆ ಏನಾಗುತ್ತದೆ ಎಂದು ಅವನು ನನಗೆ ಎಷ್ಟೋ ಸಲ ಹೇಳಿದ್ದ. ಬಾಟಲಿ ತೆಗೆಯುವಂತೆ ನನಗೆ ಕೈ ಮಾಡಿದ. ಬಿರಡೆ ತಾನಾಗಿಯೇ ಬಂತು. ಗ್ಲಾಸಿಗೆ ಸುರಿದೆ. ಅವನು ಕಿಟಕಿಯ ಬೆಳಕಿಗೆ ಹಿಡಿದ, ಮೂಸಿದ, ಕಣ್ಣು ಮುಚ್ಚಿದ. ನಾನೂ ಮೂಸಿದೆ. ಗುಲಾಬಿಯೂ ಇಲ್ಲ, ಡಾಂಬರೂ ಇಲ್ಲ. ಒಣದ್ರಾಕ್ಷಿ ಬೇಯಿಸಿ ತಳ ಹಿಡಿಸಿದ ಹಾಗಿತ್ತು.

‘ಹೆಂಗೈತ್ಲಾ?’ ಎಂದರು ನರಸಿಂಹಮ್ಮ.

ಚೆನ್ನಾಗಿದೆ ಎಂದುಬಿಡುತ್ತಾನೆ ಎಂದುಕೊಂಡೆ. ಅವನು ಒಂದು ಗುಟುಕು ಕುಡಿದು ನಿಧಾನವಾಗಿ ಹೇಳಿದ, ‘ಫೇಲ್ ಕಣವ್ವ. ಮೂವತ್ನಾಲ್ಕು.’

‘ಅಯ್ಯೋ, ಒಂದಕ್ಕೆ ಹೋಯ್ತಾ? ಹಾಕ್ಬುಡಪ್ಪ, ನಿನ್ನ ಗಂಟೇನ್ ಹೋಯ್ತದೆ?’

ಅವನಿಗೆ ನಗು ಬಂತು. ನಗುತ್ತ ಕೆಮ್ಮು ಬಂತು. ಕೋಮಲಾ ಬೆನ್ನು ನೀವಿದಳು. ‘ಉತ್ರ ಬರೀದೆ ಅಂಕ ಹೆಂಗವ್ವ ಹಾಕ್ಲಿ?’ ಎಂದ.

ನರಸಿಂಹಮ್ಮ ಅವನ ಕೈಯಿಂದ ಗ್ಲಾಸು ತೆಗೆದುಕೊಂಡರು. ಅವನ ಗ್ಲಾಸನ್ನು ಅವರು ಮುಟ್ಟಿದ್ದು ಅದೇ ಮೊದಲು. ಮೂಗಿನ ಹತ್ತಿರ ತಂದು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಹಿಂಡಿದರು.

‘ಥೂ, ಹುಳಿ. ಇದ್ಕಾ ಇಷ್ಟು ವರ್ಷ ಕಾದಿದ್ದು?’ ಎಂದರು. ಮತ್ತೊಮ್ಮೆ ಮೂಸಿದರು. ‘ನಿಮ್ಮಪ್ಪಂದು ಈ ವಾಸ್ನೆ ಅಲ್ಲ ಕಣ್ಲಾ. ಅದೇ ಬೇರೆ.’

ಗೋವಿಂದರಾಜು ಗೋಡೆಗೆ ಒರಗಿದ. ಆಮೇಲೆ ನನ್ನ ಕಡೆ ತಿರುಗಿ, ‘ಮೂವತ್ತೈದು ಹಾಕ್ಕೊಳ್ಲಾ ಕುಣಿಗಲ್’ ಎಂದ.

ಉಳಿದದ್ದಕ್ಕೆ ನರಸಿಂಹಮ್ಮನೇ ಬಿರಡೆ ಒತ್ತಿ ಇಟ್ಟರು. ಅದೇ ತಿಂಗಳು ಅವನು ಹೋದ. ಹನ್ನೊಂದನೆಯ ದಿನ ತೋಟದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲೇ ಇದ್ದ ಅವನ ಸಮಾಧಿಗೆ ಎಡೆ ಇಟ್ಟೆವು. ಸತ್ತವರಿಗೆ ಇಷ್ಟವಾದದ್ದನ್ನು ಸಮಾಧಿಯ ಮುಂದೆ ಇಡುವುದು ಅವರ ಮನೆಯ ಪದ್ಧತಿ. ಅವನ ಚಿಕ್ಕಪ್ಪ ಕೆಂಪಯ್ಯ ಜೇಬಿನಿಂದ ಬ್ರಾಂಡಿ ಕ್ವಾರ್ಟರ್ ತೆಗೆದು ಎಲೆಯ ಪಕ್ಕ ಇಟ್ಟರು. ನರಸಿಂಹಮ್ಮ ಅದನ್ನು ಎತ್ತಿ ಅವರ ಕೈಗೇ ಕೊಟ್ಟರು.

‘ಇದು ಅವರಪ್ಪಂದು. ಆ ಕಡೆ ಇಕ್ಕೋಗು.’

ಮಗನ ಎಲೆಯ ಪಕ್ಕ, ಕಾಗದ ಹೋದ ಆ ಬಾಟಲಿಯನ್ನು ಇಟ್ಟು, ಮೇಲೆ ಬಿಸಿಲು ಬೀಳದಂತೆ ಒಂದು ಬಾಳೆಲೆ ಮುಚ್ಚಿದರು.